ನಮ್ಮ ಮಾಲಿಗೆ ನಮ್ಮದೇ ಗುರುತು

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕುರಿ ಸಾಕುವವರು ತಮ್ಮ ಕುರಿಯ ಮೈಮೇಲೆ ಬಣ್ಣದ ಗುರುತು ಹಾಕುತ್ತಾರೆ. ಸಂತೆಯಲ್ಲಿ ನೂರು ಕುರಿ ಬೆರೆತರೂ ಯಾವುದು ಯಾರದೆಂದು ತಿಳಿಯುತ್ತದೆ. ನಮ್ಮ ಬೆಲ್ಲಕ್ಕೆ ಅಂಥ ಗುರುತು ಎಲ್ಲಿದೆ? ಬೆಂಡೆಯ ಲೋಳೆ ಹಾಕಿ, ಮಡ್ಡಿ ತೆಗೆದು, ಶುದ್ಧವಾಗಿ ಕಾಯಿಸಿದ ಬೆಲ್ಲವೂ, ಬಣ್ಣಕ್ಕೆಂದು ಹೈಡ್ರೋಸ್ ಸುರಿದ ಬೆಲ್ಲವೂ ಮಂಡಿಯಲ್ಲಿ ಒಂದೇ ರಾಶಿಗೆ ಬೀಳುತ್ತವೆ. ತಿಂದವರಿಗೆ ರುಚಿ ನೆನಪಿರುತ್ತದೆ. ಮಾಡಿದವರು ಯಾರೆಂದು ತಿಳಿಯದು. ಹೀಗಾದರೆ ಒಳ್ಳೆಯ ಮಾಲಿಗೆ ಹೆಚ್ಚಿನ ಬೆಲೆ ಬರುವುದಾದರೂ ಹೇಗೆ?

ಇದಕ್ಕೆ ಇರುವ ಉಪಾಯವೇ ಟ್ರೇಡ್ ಮಾರ್ಕ್, ಅಂದರೆ ವ್ಯಾಪಾರದ ಗುರುತು. ಇದರ ಕಾನೂನು 1999ರಲ್ಲಿ ಆಯಿತು. 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳಷ್ಟೇ ಅಲ್ಲ, ಒಬ್ಬ ರೈತನೂ, ರೈತರ ಸಂಘವೂ ಗುರುತನ್ನು ನೋಂದಾಯಿಸಬಹುದು.

ಯಾವ ಹೆಸರು ಇಡಬೇಕು? "ಸಿಹಿ ಬೆಲ್ಲ", "ಶುದ್ಧ ಬೆಲ್ಲ" ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಾಲಿನ ಗುಣ ಹೇಳುವ ಮಾತು ಎಲ್ಲರಿಗೂ ಸೇರಿದ್ದು. ಬೆಲ್ಲಕ್ಕೂ ಅದಕ್ಕೂ ಸಂಬಂಧವಿಲ್ಲದ ಹೆಸರೋ ಚಿತ್ರವೋ ಆದರೆ ಒಳ್ಳೆಯದು. ಬೇರೆಯವರು ಈಗಾಗಲೇ ಹಿಡಿದಿರುವ ಹೆಸರನ್ನೋ, ಅದನ್ನು ಹೋಲುವ ಹೆಸರನ್ನೋ ಇಡಬಾರದು. ನೋಂದಣಿ ಕಚೇರಿಯ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹಣ ಕೊಡದೆ ನೋಡಬಹುದು. ಚೀಲ ಅಚ್ಚು ಹಾಕಿಸುವ ಮೊದಲೇ ಈ ಕೆಲಸ ಮಾಡಿ.

ಊರಿನ ಹೆಸರನ್ನೇ ಇಟ್ಟರಾಗದೇ ಎಂದು ಕೆಲವರು ಕೇಳುತ್ತಾರೆ. ಬರೀ ಊರಿನ ಹೆಸರು ಒಬ್ಬರ ಸ್ವತ್ತಾಗುವುದು ಕಷ್ಟ. ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ ಇವುಗಳಿಗೆ ರಕ್ಷಣೆ ಕೊಟ್ಟಿರುವುದು ಭೌಗೋಳಿಕ ಗುರುತಿನ ಬೇರೆ ಕಾನೂನು. ಅದು ಆ ಸೀಮೆಯ ಬೆಳೆಗಾರರೆಲ್ಲರಿಗಾಗಿ ಇರುವುದು.

ಮಾಲುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಬೆಲ್ಲ, ಜೇನು, ಮೆಣಸಿನ ಪುಡಿ 30ನೆಯ ವರ್ಗ, ತುಪ್ಪ 29, ಹಸಿ ತರಕಾರಿ, ಹಣ್ಣು 31. 2017ರ ನಿಯಮದಂತೆ ಕಂಪ್ಯೂಟರ್ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಒಬ್ಬ ವ್ಯಕ್ತಿಗೂ ಸಣ್ಣ ಉದ್ಯಮಕ್ಕೂ ಶುಲ್ಕ 4,500 ರೂಪಾಯಿ, ಉಳಿದವರಿಗೆ 9,000. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಅಲ್ಲಿಂದ ಆಕ್ಷೇಪಣೆ ಬಂದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾದ ಗುರುತನ್ನು ಅವರ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ನಾಲ್ಕು ತಿಂಗಳಲ್ಲಿ ಯಾರೂ ತಕರಾರು ಎತ್ತದಿದ್ದರೆ ನೋಂದಣಿಯಾಗುತ್ತದೆ. ಅರ್ಜಿ ಹಾಕಿದ ದಿನದಿಂದ 10 ವರ್ಷ ಅದು ನಡೆಯುತ್ತದೆ. ಮತ್ತೆ ಹಣ ಕಟ್ಟಿ ಮುಂದುವರಿಸಬಹುದು. ನೋಂದಣಿಗೆ ಮುನ್ನ ವೃತ್ತದೊಳಗೆ "ಆರ್" ಅಕ್ಷರ ಹಾಕುವುದು ಕಾನೂನಿಗೆ ವಿರುದ್ಧ. ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಅರ್ಜಿ ಯಾರ ಹೆಸರಿನಲ್ಲಿ ಹೋಗುತ್ತದೆ? "ನೀವು ಬೆಲ್ಲ ಕೊಡಿ, ಹೆಸರಿನ ಕೆಲಸ ನಾನು ನೋಡಿಕೊಳ್ಳುತ್ತೇನೆ" ಎಂದು ವ್ಯಾಪಾರಿ ಹೇಳಬಹುದು. ಗುರುತು ಅವನ ಹೆಸರಿನಲ್ಲಿ ನಿಂತರೆ ಹತ್ತು ವರ್ಷ ನೀವು ದುಡಿದು ಗಳಿಸಿದ ಒಳ್ಳೆಯ ಹೆಸರು ಅವನದಾಗುತ್ತದೆ. ನಾಳೆ ಅದೇ ಚೀಲಕ್ಕೆ ಬೇರೆ ಊರಿನ ಬೆಲ್ಲ ತುಂಬಿದರೆ ಅವನನ್ನು ತಡೆಯುವುದು ಬಹಳ ಕಷ್ಟ. ಸಂಘದ ಸದಸ್ಯರೊಬ್ಬರ ಹೆಸರಿನಲ್ಲಿ ಹಾಕಿದರೂ ಮುಂದೆ ಮನಸ್ತಾಪಕ್ಕೆ ದಾರಿ. ಆದ್ದರಿಂದ ಸಂಘವನ್ನು ಮೊದಲು ನೋಂದಾಯಿಸಿ, ಸಭೆಯಲ್ಲಿ ಠರಾವು ಮಾಡಿ, ಸಂಘದ ಹೆಸರಿನಲ್ಲೇ ಅರ್ಜಿ ಹಾಕಿ.

ಗುರುತು ಮಾಲಿಗೆ ಗುಣ ಕೊಡುವುದಿಲ್ಲ. ಕೆಟ್ಟ ಮಾಲಿನ ಮೇಲೆ ಹಾಕಿದರೆ ಅಪಕೀರ್ತಿಯೂ ಅಷ್ಟೇ ಬೇಗ ಹರಡುತ್ತದೆ. ಒಬ್ಬರ ಕೊಪ್ಪರಿಗೆಯ ತಪ್ಪಿಗೆ ಎಲ್ಲರ ಹೆಸರೂ ಹೋಗುತ್ತದೆ. ಹೇಗೆ ಕಾಯಿಸಬೇಕು, ಯಾವ ಅಚ್ಚನ್ನು ತೆಗೆದಿಡಬೇಕು ಎಂಬ ಕಟ್ಟಳೆ ನೀವೇ ಮಾಡಿಕೊಳ್ಳಿ. ಮುಂದಿನ ಆಲೆ ಹೂಡುವುದರೊಳಗೆ ಮೂರು ನಾಲ್ಕು ಹೆಸರು ಯೋಚಿಸಿ ಬನ್ನಿ. ಪಟ್ಟಿಯಲ್ಲಿ ಇವೆಯೋ ಇಲ್ಲವೋ, ಕೂಡಿ ಕುಳಿತು ನೋಡೋಣ.