ಒಂದು ಸಾಲು ಬರೆಯುವವರು ಬೇಕು
(ಸೀವುಡ್ಸಿನ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಪಂಪನನ್ನೋ ಬಸವಣ್ಣನವರನ್ನೋ ಕುರಿತು ಮಾತನಾಡುವುದು ರೂಢಿ. ನಮಗೆ ಆ ಯೋಗ್ಯತೆಯಿಲ್ಲ. ನಾವು ಕಚೇರಿಯ ಕಾಗದ ಓದುತ್ತ ತಲೆ ನರೆಸಿಕೊಂಡವರು. ಹುಟ್ಟಿದ್ದು ಅಕ್ಕಲಕೋಟೆಯ ಸೀಮೆಯಲ್ಲಿ. 1956ರಲ್ಲಿ ಗಡಿ ಗೆರೆ ಎಳೆದಾಗ ಆ ಸೀಮೆ ಹೊರಗೇ ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹೀಗೆ ಮಹಾರಾಷ್ಟ್ರ ಸರಕಾರದ ಮಹಸೂಲು ಖಾತೆಯಲ್ಲಿ ಕಾರಕೂನಿಕೆಗೆ ಸೇರಿ, ಅವ್ವಲ ಕಾರಕೂನರಾಗಿ ನಿವೃತ್ತರಾದೆವು. ಕೊನೆಯ ವರ್ಷಗಳಲ್ಲಿ ನಮ್ಮ ಮೇಜಿಗೆ ಬರುತ್ತಿದ್ದುದು ಅಪೀಲುಗಳು. ಸರಕಾರದ ನೆರವಿಗೆ ಬೇಕಾದ ದಾಖಲೆ ಸಿಗದೆ ಹೋದವರು ಮೇಲಿನ ಅಧಿಕಾರಿಗೆ ಬರೆದುಕೊಂಡ ಅರ್ಜಿಗಳವು. ಅವನ್ನು ಓದಿ, ಟಿಪ್ಪಣಿ ಬರೆದು, ಸಾಹೇಬರ ಮುಂದಿಡುವುದು ನಮ್ಮ ಕೆಲಸ.

ಈ ರಾಜ್ಯದಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ಎಂಬುದೊಂದಿದೆ. 1980ರಲ್ಲಿ ಪ್ರಾರಂಭವಾದದ್ದು. ವಿಧವೆಯರು, ಅಂಗವಿಕಲರು, ದುಡಿಯಲಾರದ ರೋಗಿಗಳು ಮೊದಲಾದ ನಿರಾಧಾರರಿಗೆ ಇದರಿಂದ ತಿಂಗಳ ಸಹಾಯ ದೊರೆಯುತ್ತದೆ. 65 ದಾಟಿದ ವೃದ್ಧರಿಗೆ ಶ್ರಾವಣಬಾಳ ಯೋಜನೆಯುಂಟು. 2023ರಲ್ಲಿ ಈ ಸಹಾಯವನ್ನು ಸಾವಿರದಿಂದ 1,500 ರೂಪಾಯಿಗೆ ಏರಿಸಿದರು. ಕೊಡುವ ಮುನ್ನ ಮುಖ್ಯವಾಗಿ ಎರಡು ಸಂಗತಿ ಕೇಳುತ್ತಾರೆ: ಈ ರಾಜ್ಯದಲ್ಲಿ 15 ವರ್ಷದ ವಾಸ ಮತ್ತು ಕುಟುಂಬದ ವರಮಾನ. ನಾವು ಕೆಲಸದಲ್ಲಿದ್ದಾಗ ವರಮಾನದ ಮಿತಿ ವರ್ಷಕ್ಕೆ 21,000 ರೂಪಾಯಿ.

ನಮ್ಮವರು ಎಡವುವುದು ಇಲ್ಲಿಯೇ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಈ ನವಿ ಮುಂಬಯಿ ಎದ್ದಿತಷ್ಟೆ. ಕಲ್ಲು ಮಣ್ಣು ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರೂ ಇದ್ದರು. ಕಟ್ಟಡ ಏಳುವವರೆಗೆ ಅದರ ಪಕ್ಕದ ತಗಡಿನ ಗುಡಿಸಲಿನಲ್ಲಿ ಬಾಳ್ವೆ. ಮುಗಿದೊಡನೆ ಮತ್ತೊಂದು ಕಟ್ಟಡದ ಪಕ್ಕಕ್ಕೆ. ಬಾಡಿಗೆಯ ಪಾವತಿಯಿಲ್ಲ, ಲೈಟಿನ ಬಿಲ್ಲಿಲ್ಲ. ಇಪ್ಪತ್ತು ವರ್ಷ ಬದುಕಿದ್ದರೂ ಕಾಗದದಲ್ಲಿ ಐದು ವರ್ಷವೂ ಇರುವುದಿಲ್ಲ. ಇನ್ನು ಹೆಸರಿನ ತೊಡಕು. ಊರಿನ ಕಾಗದದಲ್ಲಿ ಶಾಂತವ್ವ, ಆಧಾರದಲ್ಲಿ ಶಾಂತಮ್ಮ, ರೇಷನ್ ಕಾರ್ಡಿನಲ್ಲಿ ಶಾಂತಾಬಾಯಿ. ನಮಗೆ ಒಬ್ಬಳೇ ಅಕ್ಕ. ಮೇಜಿನಾಚೆಯ ಗುಮಾಸ್ತನಿಗೆ ಮೂವರು ಹೆಂಗಸರು.

ಹೀಗೆ ನಿರಾಕರಿಸಲ್ಪಟ್ಟವರಿಗೆ ದಾರಿಯೇ ಇಲ್ಲವೆಂದಲ್ಲ. 2015ರಲ್ಲಿ ಮಹಾರಾಷ್ಟ್ರದಲ್ಲಿ ಲೋಕಸೇವಾ ಹಕ್ಕಿನ ಕಾಯಿದೆ ಬಂದಿತು. ವರಮಾನದ ದಾಖಲೆ ಮೊದಲಾದವನ್ನು ಇಂತಿಷ್ಟು ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಯಾರಿಗೆ, ಎಷ್ಟು ದಿನದೊಳಗೆ ಅಪೀಲು ಮಾಡಬಹುದೆಂಬುದನ್ನೂ ಹೇಳಬೇಕು. ಮೊದಲ ಅಪೀಲಿಗೆ 30 ದಿನ. ತಕ್ಕ ಕಾರಣವಿದ್ದರೆ 90 ದಿನದವರೆಗೆ ತೆಗೆದುಕೊಳ್ಳಬಹುದು. ಅಲ್ಲಿ ಸೋತರೆ ಎರಡನೆಯ ಅಪೀಲು, ಆ ಮೇಲೆ ಆಯೋಗ.

ಈಗ ನಮ್ಮ ತಪ್ಪೊಂದನ್ನು ತಮ್ಮ ಮುಂದೆ ಹೇಳಬೇಕಾಗಿದೆ. ಯಾದಗಿರಿ ಕಡೆಯ ವಿಧವೆಯೊಬ್ಬಳು ಗಾರೆ ಕೆಲಸದಲ್ಲಿ ಬೆನ್ನು ಸೋತವಳು. ವರಮಾನದ ದಾಖಲೆ ಸಿಕ್ಕಿರಲಿಲ್ಲ. ಅವಳ ಅಪೀಲು ನಮಗೆ ಬಂದದ್ದು 52ನೆಯ ದಿನ. ತಡವೇಕಾಯಿತೆಂದು ಅದರಲ್ಲಿ ಬರೆದಿರಲಿಲ್ಲ. "ಮುದ್ದತು ಮೀರಿದೆ, ಕಾರಣ ತೋರಿಸಿಲ್ಲ" ಎಂದು ಟಿಪ್ಪಣಿ ಬರೆದೆವು. ಸಾಹೇಬರ ಸಹಿಯಾಯಿತು.

ಕೆಲವು ತಿಂಗಳ ಮೇಲೆ ಆಕೆ ಕಚೇರಿಯಲ್ಲಿ ಕನ್ನಡ ಮಾತಾಡುವವರಿದ್ದಾರೆಂದು ಕೇಳಿ ನಮ್ಮ ಮೇಜಿಗೆ ಬಂದಳು. "ಯಾಕವ್ವಾ ತಡಮಾಡಿದಿ?" ಎಂದೆವು. "ಮಗಳ ಬಾಣಂತನಕ್ಕ ಊರಿಗಿ ಹೋಗಿದ್ದೆರೀ ಸಾಹೇಬ್ರ. ಅದನ್ನ ಬರಸಬೇಕಂತ ನನಗ ಯಾರು ಹೇಳಿದ್ರು?" ಎಂದಳು.

ಕಾಯಿದೆ ಬೇಡುತ್ತಿದ್ದುದು ಆ ಒಂದೇ ಸಾಲನ್ನು. ಅರ್ಜಿಯಲ್ಲಿ ಅವಳ ಫೋನ್ ನಂಬರು ಇತ್ತು. ಅವಳ ಭಾಷೆ ನಮ್ಮ ನಾಲಿಗೆಯ ಮೇಲಿತ್ತು. ಆದರೂ ಕೇಳಲಿಲ್ಲ. ಅಂದು ಸಂಜೆ ಅವಳನ್ನು ಕೂರಿಸಿಕೊಂಡು ಹೊಸ ಅರ್ಜಿ ಬರೆಸಿದೆವು. ದಾಖಲೆ ಸಿಕ್ಕಿತು, ಸಹಾಯವೂ ಮಂಜೂರಾಯಿತು. ನಡುವೆ ಹೋದ ತಿಂಗಳುಗಳ ಹಣ ಮಾತ್ರ ಬರಲಿಲ್ಲ. ಟಿಪ್ಪಣಿಯಲ್ಲಿ ಕಾಯಿದೆಯ ಪ್ರಕಾರ ಒಂದು ದೋಷವೂ ಇರಲಿಲ್ಲ. ನಮ್ಮ ಮನಸ್ಸಿಗೆ ಮಾತ್ರ ಇಂದಿಗೂ ಸಮಾಧಾನವಿಲ್ಲ.

ರೇಷನ್ನಿನ ಮಾತೂ ಹೀಗೆಯೇ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. 2020ರ ಜನವರಿಯಿಂದ ಕರ್ನಾಟಕ, ಮಹಾರಾಷ್ಟ್ರ ಎರಡೂ 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಗೆ ಸೇರಿವೆ. ಊರಿನ ಇಂಥ ಕಾರ್ಡಿಗೆ ಇಲ್ಲಿಯ ಅಂಗಡಿಯಲ್ಲಿ ಹೆಬ್ಬೆಟ್ಟೊತ್ತಿ ಧಾನ್ಯ ತರಬಹುದು. ಇಲ್ಲವೆಂದರೆ ಜಿಲ್ಲೆಯ ದೂರು ನಿವಾರಣಾಧಿಕಾರಿಗೆ ದೂರು. ಅವರ ಆಜ್ಞೆ ಒಪ್ಪದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಅಪೀಲು. ಇದು ನಮ್ಮ ಕೂಲಿಯವರಲ್ಲಿ ಎಷ್ಟು ಜನರಿಗೆ ಗೊತ್ತು?

ಆದುದರಿಂದ ನಮ್ಮದೊಂದು ಕೋರಿಕೆ. ವಾರಕ್ಕೊಂದು ಸಂಜೆ, ಒಂದು ಮೇಜು, ಎರಡೂ ಭಾಷೆ ಬಲ್ಲ ಇಬ್ಬರು, ಇಷ್ಟಾದರೆ ಸಾಕು. ನಿರಾಕರಣೆಯನ್ನು ಬರಹದಲ್ಲಿ ಕೇಳಿರೆಂದು ಹೇಳುವುದು; ಅದು ಕೈಸೇರಿದ ತಾರೀಖನ್ನು ಗುರುತು ಹಾಕುವುದು; ಮಕ್ಕಳ ಶಾಲೆಯ ದಾಖಲೆ, ಆಸ್ಪತ್ರೆಯ ಚೀಟಿ, ಹಳೆಯ ಮತದಾರರ ಪಟ್ಟಿ ಇವುಗಳಲ್ಲಿ ವಾಸದ ಗುರುತು ಹುಡುಕುವುದು; ತಡವಾಗಿದ್ದರೆ ಕಾರಣ ಬರೆಯುವುದು. ನಿವೃತ್ತರಾದ ನಮ್ಮಂಥವರಿಗೆ ಬೇರೆ ಕೆಲಸವಾದರೂ ಏನಿದೆ?

ಕನ್ನಡ ಸಂಘದವರು ಮರಾಠಿಯಲ್ಲಿ ಅರ್ಜಿ ಬರೆಯುವುದೇ ಎಂದು ಯಾರಾದರೂ ಕೇಳಿಯಾರು. ಆ ತಾಯಿ ತನ್ನ ಕಷ್ಟ ಹೇಳುವುದು ಕನ್ನಡದಲ್ಲಿ. ಅದನ್ನು ಕನ್ನಡದಲ್ಲಿ ಕೇಳಿ, ಅಧಿಕಾರಿಗೆ ತಿಳಿಯುವಂತೆ ಒಳ್ಳೆಯ ಮರಾಠಿಯಲ್ಲಿ ಬರೆದುಕೊಟ್ಟರೆ ಅದೂ ಕನ್ನಡದ ಸೇವೆಯೇ. ಮುಂದಿನ ನವೆಂಬರ್ ಒಂದರ ಹೊತ್ತಿಗೆ ಇಂಥ ಹತ್ತು ಅರ್ಜಿಗಳಾದರೂ ನಮ್ಮ ಕೈಯಿಂದ ಹೋಗಿರಲಿ. ಮೊದಲ ಸಂಜೆ ಮೇಜಿನ ಬಳಿ ನಾವು ಬಂದು ಕುಳಿತಿರುತ್ತೇವೆ.