ಫೇರಿ ಕ್ವೀನ್: ಹಳಿಗೆ ಮರಳಿದ ಹಿರಿಯ ಎಂಜಿನ್



ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕಿಟ್ಸನ್, ಥಾಮ್ಸನ್ ಮತ್ತು ಹ್ಯೂಯಿಟ್‌ಸನ್ ಸಂಸ್ಥೆಯು 1855ರಲ್ಲಿ ನಿರ್ಮಿಸಿದ ಹಬೆ ಎಂಜಿನ್ನೊಂದು ಅದೇ ವರ್ಷ ಕಲ್ಕತ್ತೆಯನ್ನು ತಲುಪಿತು. ಈಸ್ಟ್ ಇಂಡಿಯನ್ ರೈಲ್ವೆಯು ಅದಕ್ಕೆ ಕೊಟ್ಟದ್ದು 22 ಎಂಬ ಸಂಖ್ಯೆಯನ್ನು ಮಾತ್ರ. ‘ಫೇರಿ ಕ್ವೀನ್’ ಎಂಬ ನಾಮಧೇಯ ಪ್ರಾಪ್ತವಾದುದು ನಾಲ್ಕು ದಶಕಗಳ ತರುವಾಯ, 1895ರಲ್ಲಿ.

ಹೌರಾ–ರಾಣಿಗಂಜ್ ಮಾರ್ಗವು ಆ ವರ್ಷದ ಫೆಬ್ರವರಿಯಲ್ಲಷ್ಟೇ ಸಂಚಾರಕ್ಕೆ ತೆರೆದಿತ್ತು. ಅಲ್ಲಿ ಈ ಎಂಜಿನ್ ಹಗುರವಾದ ಅಂಚೆ ರೈಲುಗಳನ್ನು ಎಳೆಯಿತು. 1857ರ ಸಂಗ್ರಾಮವನ್ನು ಹತ್ತಿಕ್ಕಲು ಹೊರಟ ಸೈನಿಕರ ರೈಲುಗಳಿಗೂ ಇದನ್ನು ಹೂಡಲಾಗಿತ್ತು. ಇಂದು ರಾಷ್ಟ್ರದ ಪರಂಪರೆಯೆಂದು ಗೌರವಿಸಲ್ಪಡುವ ಯಂತ್ರದ ಚರಿತ್ರೆಯಲ್ಲಿ ಈ ಅಧ್ಯಾಯವೂ ಇದೆಯೆಂಬುದನ್ನು ಮರೆಮಾಚಬೇಕಾಗಿಲ್ಲ.

ಇದರ ಆರು ಚಕ್ರಗಳ ಪೈಕಿ ಹಬೆಯ ಬಲವು ತಿರುಗಿಸುವುದು ನಡುವಿನ ಒಂದು ಜೋಡಿಯನ್ನು ಮಾತ್ರ. ಆಳೆತ್ತರದ ಈ ಚಕ್ರಗಳ ವ್ಯಾಸ ಸುಮಾರು 6 ಅಡಿ. ಎಂಜಿನ್ನಿನ ತೂಕ 26 ಟನ್. ಗರಿಷ್ಠ ವೇಗ ಗಂಟೆಗೆ 40 ಕಿಲೋಮೀಟರ್. ಹಗುರ ಗಾಡಿಗೆ ಇಷ್ಟು ಸಾಕು; ಭಾರವಾದ ಗಾಡಿಗಳನ್ನೆಳೆಯಲು ಒಂದೇ ಜೋಡಿ ಚಕ್ರಗಳ ಹಿಡಿತ ಸಾಲದು. ಕಡೆಗೆ ಬಿಹಾರದಲ್ಲಿ ಮಾರ್ಗ ನಿರ್ಮಾಣದ ಕಾಮಗಾರಿಯಲ್ಲಿ ದುಡಿದು 1909ರಲ್ಲಿ ಇದು ನಿವೃತ್ತವಾಯಿತು.

ಅನಂತರ ಹೌರಾ ನಿಲ್ದಾಣದ ಹೊರಗೆ ಪ್ರದರ್ಶನದ ವಸ್ತುವಾಗಿ ನಿಂತಿತು. 1943ರಲ್ಲಿ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೆ ಬಂದಿತು. ಅಲ್ಲಿಯೇ ಉಳಿದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಹಬೆ ರೈಲುಗಳ ನಿತ್ಯಸೇವೆ 1995ರ ಡಿಸೆಂಬರಿನಲ್ಲಿ ಕೊನೆಗೊಂಡ ಎರಡೇ ವರ್ಷಗಳೊಳಗೆ, 1997ರಲ್ಲಿ, 88 ವರ್ಷ ತಣ್ಣಗಿದ್ದ ಈ ಎಂಜಿನ್ ಮತ್ತೆ ಹಳಿಯೇರಿತು. ಅದೇ ಅಕ್ಟೋಬರಿನಲ್ಲಿ ಪ್ರವಾಸಿಗರನ್ನು ದೆಹಲಿಯಿಂದ ರಾಜಸ್ಥಾನದ ಆಲ್ವಾರಿಗೆ ಕರೆದೊಯ್ದಿತು. ನಿಯತವಾಗಿ ಸಂಚರಿಸುವ ಜಗತ್ತಿನ ಅತ್ಯಂತ ಹಳೆಯ ಹಬೆ ಎಂಜಿನ್ ಎಂದು 1998ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು.

ಬಿರುದು ಕಾವಲಾಗಲಿಲ್ಲ. 2011ರಲ್ಲಿ ದೆಹಲಿಯ ಶೆಡ್ಡಿನಲ್ಲಿ ನಿಂತಿದ್ದಾಗ ಇದರ ಹಲವು ಬಿಡಿಭಾಗಗಳು ಕಳುವಾದವು. ಅಷ್ಟು ಹಳೆಯ ಎಂಜಿನ್ನಿನ ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯುವಂಥವಲ್ಲ. ದುರಸ್ತಿಯ ಹೊಣೆ ಚೆನ್ನೈನ ಪೆರಂಬೂರು ಲೋಕೋ ಕಾರ್ಖಾನೆಗೆ ಬಂತು. 1855ರಲ್ಲಿ ಇದರೊಂದಿಗೇ ಲೀಡ್ಸಿನಲ್ಲಿ ತಯಾರಾದ ‘ಎಕ್ಸ್‌ಪ್ರೆಸ್’ ಎಂಬ 21ನೆಯ ಸಂಖ್ಯೆಯ ಎಂಜಿನ್ನಿಗೆ 2010ರಲ್ಲಿ ಮರುಜೀವ ನೀಡಿದ್ದ ಕೈಗಳೇ ಈ ರಾಣಿಯನ್ನೂ ಸಜ್ಜುಗೊಳಿಸಿದವು. 2017ರ ಫೆಬ್ರವರಿ 11ರಂದು ಫೇರಿ ಕ್ವೀನ್ ಪ್ರವಾಸಿಗರೊಡನೆ ದೆಹಲಿ ಕಂಟೋನ್ಮೆಂಟಿನಿಂದ ಹರಿಯಾಣದ ರೇವಾಡಿಗೆ ಹೊರಟಿತು.