ಹೊಳೆಯ ಮೂಲಕ್ಕೆ ಬಂದ ತೆಂಗಿನಕಾಯಿ



ಸಂತೋಷದ ಬಗ್ಗೆ ಎರಡು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಕಂಪ್ಯೂಟರ್ ಮುಂದೆ ಕೂರುವವನಿಗೆ ಕೊಡುವ ವಿಷಯವೇ ಇದು? ಅದರ ಬಗ್ಗೆ ನನಗೆ ತಿಳಿದದ್ದು ಒಬ್ಬ ಅಪರಿಚಿತರಿಂದ. ಅವರ ಜೊತೆ ಇದ್ದದ್ದು ಹೆಚ್ಚೆಂದರೆ ಒಂದು ಗಂಟೆ.

ಜಾವಳಿಯ ಮಕ್ಕಳಿಗೆ ಹೇಮಾವತಿ ಎಂದರೆ ಒಂದು ಅಂಕದ ಪ್ರಶ್ನೆ. ಹುಟ್ಟುವುದು ನಮ್ಮೂರಲ್ಲಿ, ಸೇರುವುದು ಕಾವೇರಿಯನ್ನು, ಉದ್ದ 245 ಕಿ.ಮೀ. ಮಳೆ ಎಂದರೆ ಶಾಲೆಗೆ ರಜೆ, ದೊಡ್ಡವರಿಗೆ ಕರೆಂಟಿಲ್ಲದ ವಾರಗಳು, ಮೆಣಸಿಗೆ ಕೊಳೆರೋಗ, ಉದುರಿದ ಕಾಫಿ ಕಾಯಿ. 2019ರ ಆಗಸ್ಟ್ ಆದಮೇಲಂತೂ ಮಳೆಯ ಸದ್ದಿಗೇ ಎಚ್ಚರಾಗುವವರಿದ್ದಾರೆ. ಮಲೆಮನೆ, ಮಧುಗುಂಡಿಯಲ್ಲಿ ಏನಾಯಿತೆಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.

ಅದಾಗಿ ಎರಡು ವರ್ಷಕ್ಕೆ ದೀಪಾವಳಿಗೆಂದು ಊರಿಗೆ ಬಂದಿದ್ದೆ. ಬಸ್ಸಿಳಿದ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು, ಕೈಯಲ್ಲೊಂದು ಬಟ್ಟೆಚೀಲ, "ಹೇಮಾವತಿ ಹುಟ್ಟೋ ಜಾಗ ಎಲ್ಲೈತಪ್ಪಾ?" ಅಂದರು. ತುರುವೇಕೆರೆ ಕಡೆಯ ರೈತರು. ಹರಕೆಯೇ ಎಂದು ಕೇಳಿದರೆ, ಅದೂ ಅಲ್ಲ. ದಾರಿ ತೋರಿಸಲು ಜೊತೆಗೆ ಹೋದೆ.

ಮೂಲದ ನೀರು ನೋಡಿ ನಕ್ಕೇಬಿಟ್ಟರು. "ಇಷ್ಟೇನಾ! ಇದೇನಾ ಗೊರೂರು ಡ್ಯಾಮ್ ತುಂಬ್ಸಿ ನಮ್ಮ ಚಾನೆಲ್ಲಿಗೆ ಬರೋದು?" ದಾರಿಯಲ್ಲಿ ಎಷ್ಟೋ ಹಳ್ಳಗಳು ಸೇರುತ್ತವೆ ಎಂದು ನಾನು ಶುರುಮಾಡಿದೆ. ಅವರಿಗೆ ನನ್ನ ಭೂಗೋಳ ಬೇಕಿರಲಿಲ್ಲ. ಚೀಲದಿಂದ ಒಂದು ತೆಂಗಿನಕಾಯಿ ತೆಗೆದರು. "ಈ ಮರ ಇಪ್ಪತ್ತು ವರ್ಸದಿಂದ ಇವಳ ನೀರೇ ಕುಡೀತೈತೆ. ಒಂದ್ಸಲ ತಂದು ತೋರ್ಸಾನ ಅಂತ ಬಂದೆ." ಅಷ್ಟೇ ಕೆಲಸ. ಅದಕ್ಕಾಗಿ ಮೂರು ಬಸ್ಸು ಬದಲಾಯಿಸಿ ಬಂದಿದ್ದರು.

ಕಾಯಿ ಒಡೆದು ಒಂದು ಹೋಳು ನನಗೆ ಕೊಟ್ಟರು. ಅಲ್ಲೇ ಕೂತು ತಿಂದೆವು. ಜೂನ್ ಬಂತೆಂದರೆ ಅವರೂರಿನ ಟೀ ಅಂಗಡಿಯಲ್ಲಿ ದಿನಾ ಮೊದಲ ಪ್ರಶ್ನೆ, "ಮೂಡಿಗೆರೆ ಕಡೆ ಮಳೆ ಹಿಡೀತಾ?" ಅಂತೆ. ನಾನು 2019ರದ್ದು ಹೇಳಿದೆ. ಅಗಿಯುತ್ತಿದ್ದವರು ನಿಲ್ಲಿಸಿದರು. "ಆ ವರ್ಸ ನಮ್ಮ ಕೆರೆಗೆ ನೀರು ಬಂದಿತ್ತು. ಬಾಗಿನ ಬಿಟ್ಟು ಸಿಹಿಯೂಟ ಮಾಡಿದ್ವಿ" ಎಂದು ಬಹಳ ಹೊತ್ತು ಸುಮ್ಮನಿದ್ದರು. ಹೊರಡುವಾಗ, "ಇನ್ಮೇಲೆ ಮಳೆ ಕೇಳ್ದಾಗ ಜನ ಹೆಂಗವ್ರೆ ಅಂತಾನೂ ಕೇಳ್ತೀನಪ್ಪ" ಅಂದರು.

ನಾನು ಬರೆಯುವ ಪ್ರೋಗ್ರಾಂ ಯಾವ ದೇಶದಲ್ಲಿ ಯಾರ ಕೆಲಸಕ್ಕೆ ಬರುತ್ತದೋ ನನಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಮೂಲದ ನೀರು ಕಂಡಾಗ ಆ ಹಿರಿಯರ ಮುಖದಲ್ಲಿದ್ದ ಖುಷಿಯನ್ನು ನಮ್ಮ ಆಫೀಸಿನಲ್ಲಿ ಬೋನಸ್ ಬಂದ ದಿನವೂ ನೋಡಿಲ್ಲ. ಈಗಲೂ ಆಷಾಢದಲ್ಲಿ ಅಪ್ಪ ಫೋನು ಮಾಡಿ "ಹಾಳು ಮಳೆ ಮಾರಾಯ, ಬಿಡುವುದೇ ಇಲ್ಲ" ಎಂದರೆ ನನಗೆ ಆ ತೆಂಗಿನಮರ ನೆನಪಾಗುತ್ತದೆ. ಅಪ್ಪನಿಗೆ ಹೇಳುವುದಿಲ್ಲ, ಬೈಸಿಕೊಳ್ಳಬೇಕಾದೀತು. ಮೆಣಸು ಕೊಳೆಯುವುದೇನೂ ಅದರಿಂದ ನಿಂತಿಲ್ಲವಲ್ಲ.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ಹತ್ತನೇ ತರಗತಿಯ ಮಕ್ಕಳನ್ನು ಒಂದು ದಿನ ಗೊರೂರು ಅಣೆಕಟ್ಟೆಗೆ, ಅಲ್ಲಿಂದ ನಾಲೆಗುಂಟ ತುರುವೇಕೆರೆಯ ತೋಟಗಳ ತನಕ ಕರೆದುಕೊಂಡು ಹೋಗಿ. ಬಸ್ಸಿನ ಖರ್ಚು ನಮ್ಮ ಬ್ಯಾಚಿನವರದ್ದು. ದಿನ ನೀವು ಗೊತ್ತುಮಾಡಿ.